ತುಟಿಗೆ ತಾಗಿದ ಹೊಳಪು

"ತೊಲಗು! ನಿನ್ನ ಮುಖ ನೋಡಿದ್ರೇ ಮೈ ಉರಿಯುತ್ತೆ ನನಗೆ!"

ಅವನು ಹಾಗೆ ಕಿರುಚುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಬೈಸಿಕೊಂಡದ್ದು ಪೆನ್ನು ಕಡೆಯುವ ಲೇತ್ ಯಂತ್ರದ ಮೇಲೆ ಆಗಷ್ಟೇ ಸೀಳಿಹೋದ ಪ್ಲಾಸ್ಟಿಕ್ ತುಂಡು. ಕೇಳಿಸಿಕೊಂಡದ್ದು ಬಾಗಿಲಲ್ಲಿ ನಿಂತ ಹೆಂಗಸು. ಬಿಳಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ, ಅಂಗೈಯಲ್ಲಿ ಮೇಣದಲ್ಲಿ ನೆಟ್ಟ ಒಂದು ಸಾಲು ಹಲ್ಲು.

"ನಾನಿನ್ನೂ ಬಾಯೇ ತೆಗೆದಿಲ್ಲ, ಆಗಲೇ ಮೈ ಉರೀತಾ?" ಎಂದಳು ಅವಳು.

"ಅಯ್ಯೋ, ನಿಮಗಲ್ಲ ಮೇಡಂ! ಇದಕ್ಕೆ." ಅವನು ಸೀಳಿದ ತುಂಡನ್ನು ಎತ್ತಿ ಹಿಡಿದ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

"ಪ್ಲಾಸ್ಟಿಕ್ಕಿಗೂ ಮುಖ ಇರುತ್ತಾ?"

ಮೂಲೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತು ಪೆನ್ನಿಗೆ ಮಖಮಲ್ಲಿನ ಚೀಲ ಹೊಲಿಯುತ್ತಿದ್ದ ಅವನ ಅಕ್ಕ ತಲೆ ಎತ್ತದೆ ಹೇಳಿದಳು: "ಒಳಗೆ ಬಾಮ್ಮ. ಮನುಷ್ಯರ ಹತ್ರ ಜಗಳ ಆಡೋಕೆ ಇವನಿಗೆ ಎದೆ ಇಲ್ಲ. ಅದಕ್ಕೇ ವಸ್ತುಗಳ ಮೇಲೆ ಹಾರಾಡ್ತಾನೆ."

ಜಗಳ ಆಡಲೆಂದೇ ಬಂದಿದ್ದವಳಿಗೆ ಈ ಮಾತಿನಿಂದ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಆದರೂ ಕರ್ತವ್ಯವೆಂಬಂತೆ ಶುರುಮಾಡಿದಳು. ಅವನ ಅಂಗಡಿ ಇದ್ದದ್ದು ಮೊದಲ ಮಹಡಿಯಲ್ಲಿ; ಅದರ ಮೇಲಿನ ರೂಮನ್ನು ಅವಳು ಹೊಸದಾಗಿ ಬಾಡಿಗೆಗೆ ಹಿಡಿದಿದ್ದಳು. ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಅವಳು ಹಲ್ಲಿನ ಸೆಟ್ ಮಾಡಿಕೊಡುತ್ತಾಳೆ.

"ನಿಮ್ಮ ಮೆಷಿನ್ ಅದುರಿದ್ರೆ ನನ್ನ ಟೇಬಲ್ ಅದುರುತ್ತೆ. ಟೇಬಲ್ ಅದುರಿದ್ರೆ ಮೇಣದಲ್ಲಿರೋ ಹಲ್ಲು ಜಾರುತ್ತೆ. ನಾಳೆ ಯಾವುದೋ ಅಜ್ಜಿ ನಕ್ಕರೆ ಹಲ್ಲು ಒಂದು ಕಡೆ, ನಗು ಒಂದು ಕಡೆ. ಯಾರು ಉತ್ತರ ಹೇಳೋದು?"

"ನಾನೇ ಹೇಳ್ತೀನಿ," ಎಂದ ಅವನು ಪೆದ್ದನಂತೆ.

ಅವಳು ಅವನನ್ನು ಕನ್ನಡಕದ ಮೇಲಿನಿಂದ ನೋಡಿದಳು. ನಗಬಾರದು ಎಂದು ತೀರ್ಮಾನಿಸಿದವರ ತುಟಿ ಒಂದು ಪಕ್ಕದಲ್ಲಿ ಮಾತು ಕೇಳದೆ ಹೇಗೆ ಮೇಲಕ್ಕೇಳುತ್ತದೋ, ಹಾಗೆ ಅವಳ ತುಟಿ ಎದ್ದಿತು. ಅವನು ಅದನ್ನು ನೋಡಿದ. ನೋಡಬಾರದಿತ್ತು.

ಅವಳು ಮೇಜಿನ ಮೇಲಿದ್ದ ಒಡೆದ ಚೂರುಗಳನ್ನು ಬೆರಳಲ್ಲಿ ಸರಿಸಿದಳು. ಕಡುಹಸಿರು, ಒಳಗೆ ಹೊಗೆ ಎಳೆಎಳೆಯಾಗಿ ಹರಡಿದ ಹಾಗೆ ಬಿಳಿ.

"ಎಷ್ಟು ಚೆನ್ನಾಗಿದೆ. ಯಾಕೆ ಹೀಗೆ ಒಡೆದು ಹಾಕಿದೀರಿ?"

"ನಾನು ಒಡೀತಿಲ್ಲ ಮೇಡಂ, ಅದೇ ಒಡ್ಕೊಳ್ಳುತ್ತೆ."

ಅವನ ಸಂಕಟ ನಿಜವಾದದ್ದು. ಮೊದಲಿಗೆ ಕುರ್ಚಿಕಾಲು ಕಡೆಯುತ್ತಿದ್ದವನು, ಆಮೇಲೆ ಮರದ ಪೆನ್ನಿಗೆ ಬಂದವನು. ಮರ ಒಳ್ಳೆಯ ಹೆಂಡತಿಯ ಹಾಗೆ, ನಾಲ್ಕು ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂದು ಅವನ ಭಾವನೆ. ಮದುವೆಯಾಗದವನ ಭಾವನೆ, ಬಿಡಿ. ಈ ಪ್ಲಾಸ್ಟಿಕ್ ಹಾಗಲ್ಲ. ಬೆರಳುದ್ದದ ಚೌಕದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಹಿತ್ತಾಳೆ ಕೊಳವೆ ಅಂಟಿಸಿ, ಲೇತ್‌ಗೆ ಏರಿಸಿ, ಉಳಿಯಲ್ಲಿ ಸವರಿ ಸವರಿ ದುಂಡಗೆ ಮಾಡುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. ಆಮೇಲೆ ಒರಟು ಎಮರಿ ಪೇಪರಿನಿಂದ ರೇಷ್ಮೆಯಂಥ ನಯದ ಪೇಪರಿನವರೆಗೆ ಒಂದೊಂದಾಗಿ ಉಜ್ಜಬೇಕು. ಇಷ್ಟೆಲ್ಲ ಆಗಿ, ಬಟ್ಟೆ ಚಕ್ರಕ್ಕೆ ಒತ್ತಿ ಕೊನೆಯ ಹೊಳಪು ಕೊಡುವ ಹೊತ್ತಿಗೆ 'ಟಿಕ್' ಎನ್ನುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ. ಆ ಸಣ್ಣ ಸದ್ದು ಈಚೆಗೆ ಅವನ ಕನಸಿನಲ್ಲೂ ಕೇಳಿಸುತ್ತಿತ್ತು.

ಆರ್ಡರ್ ಕೊಟ್ಟವರು ಒಬ್ಬ ಹಲ್ಲಿನ ಡಾಕ್ಟರು. ಇದೇ ಹಸಿರು ಬೇಕು ಎಂದು ಬೊಟ್ಟು ಮಾಡಿ ತೋರಿಸಿ ಹೋಗಿದ್ದರು. ಅಂಗಡಿಯವನು ಈ ಬಣ್ಣ ಇನ್ನು ಬರುವುದಿಲ್ಲ ಎಂದಿದ್ದ. ಉಳಿದದ್ದು ಸ್ವಲ್ಪವೇ.

ಅವಳು ಒಂದು ಚೂರನ್ನು ಬೆಳಕಿಗೆ ಹಿಡಿದಳು. "ಇದು ಬಿಸಿಗೆ ಒಡೆದದ್ದು."

"ನಿಮಗೆ ಹೇಗೆ ಗೊತ್ತು?"

"ದಿನಾ ಬೆಳಗಾದ್ರೆ ನಾನು ಉಜ್ಜೋದೇನು ಅಂದ್ಕೊಂಡ್ರಿ, ಮುತ್ತು ರತ್ನಾನಾ? ಇದರ ಅಣ್ಣತಮ್ಮನ್ನೇ. ಗುಲಾಬಿ ಒಸಡು, ಬಿಳಿ ಹಲ್ಲು, ಎಲ್ಲ ಪ್ಲಾಸ್ಟಿಕ್ಕು. ಒತ್ತಿದ್ರೆ ಬಿಸಿಯಾಗುತ್ತೆ. ಬಿಸಿಯಾದ್ರೆ ತಿರುಗಿ ಬೀಳುತ್ತೆ. ಚಕ್ರ ಒದ್ದೆ ಇರಲಿ, ಕೈ ಹಗುರ ಇರಲಿ." ಬಾಗಿಲ ಬಳಿ ನಿಂತು ಸೇರಿಸಿದಳು: "ಮತ್ತೆ ಬೈಬೇಡಿ ಅದಕ್ಕೆ. ಪಾಪ."

ಅವಳು ಹೋದ ಮೇಲೂ ಅವನು ಬಾಗಿಲನ್ನೇ ನೋಡುತ್ತಿದ್ದ.

"ಬಾಗಿಲಿಗೂ ಪಾಲಿಶ್ ಮಾಡ್ತೀಯೇನೋ?" ಎಂದಳು ಅಕ್ಕ.

ಅಂದೇ ಅವನು ಲೇತ್‌ನ ಕಾಲುಗಳ ಕೆಳಗೆ ದಪ್ಪ ರಬ್ಬರು ಹಾಕಿದ. ಮೇಲೆ ಹೋಗಿ, ಈಗ ಅದುರುತ್ತಾ ಎಂದು ಕೇಳಿದ. ಇಲ್ಲ ಎಂದಳು. ಮರುದಿನ ಮತ್ತೆ ಹೋಗಿ ಕೇಳಿದ. ಮೂರನೆಯ ಸಲ ಹೋದಾಗ ಅವಳು, "ಅದುರುತ್ತೆ ಅಂತ ಹೇಳಿದ್ರೆ ನಿಮಗೆ ಸಮಾಧಾನ ಆಗುತ್ತಾ?" ಎಂದು ಕೇಳಿದಳು. ಅವನು ಮೆಟ್ಟಿಲಿಳಿದು ಬಂದ.

ಆಮೇಲೆ ಅವಳೇ ಬರತೊಡಗಿದಳು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ, ತನ್ನ ಬಟ್ಟೆ ಚಕ್ರವನ್ನೂ ಬೂದು ಬಣ್ಣದ ಕಲ್ಲುಪುಡಿಯನ್ನೂ ಹಿಡಿದು ಕೆಳಗಿಳಿಯುತ್ತಿದ್ದಳು. ಪುಡಿಯನ್ನು ನೀರಲ್ಲಿ ಕಲಸಿ ಚಕ್ರಕ್ಕೆ ಹಚ್ಚುವುದು, ಲೇತ್‌ನ ವೇಗ ತಗ್ಗಿಸುವುದು, ತುಂಡು ಒಂದೇ ಜಾಗದಲ್ಲಿ ನಿಲ್ಲದ ಹಾಗೆ ಆಡಿಸುತ್ತಲೇ ಇರುವುದು.

"ಇನ್ನೂ ಹಗುರ," ಎನ್ನುತ್ತಿದ್ದಳು. "ನಿಮಗೆ ಕುರ್ಚಿಕಾಲಿನ ಕೈ. ಇನ್ನೂ ಹಗುರ. ಹಾಂ. ಈಗ ಮನುಷ್ಯರ ಕೈ."

ಮಾತಿನ ನಡುವೆ ತನ್ನ ಅಪ್ಪನ ಕಥೆ ಹೇಳುತ್ತಿದ್ದಳು. ಊರಿಗೆಲ್ಲ ಹಲ್ಲು ಕಟ್ಟುವವಳ ಅಪ್ಪ ಮನೆಯಲ್ಲಿ ಬೊಚ್ಚುಬಾಯಿ. ಮಗಳು ಮಾಡಿಕೊಟ್ಟ ಸೆಟ್ಟನ್ನು ಲೋಟದಲ್ಲಿಟ್ಟು, ಫೋಟೋ ತೆಗೆಯುವಾಗ ಮಾತ್ರ ಹಾಕಿಕೊಳ್ಳುತ್ತಾರಂತೆ. "ಬಾಯಲ್ಲಿ ಬೇರೆಯವರು ಕೂತ ಹಾಗಾಗುತ್ತೆ ಅಂತಾರೆ. ನನ್ನ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟ್ ನೋಡಿ!" ಎಂದು ನಗುತ್ತಿದ್ದಳು. ನಗುವಾಗ ಅವಳ ಮುಂದಿನ ಒಂದು ಹಲ್ಲು ಸ್ವಲ್ಪ ಓರೆಯಾಗಿ ಕಾಣುತ್ತಿತ್ತು. ದಿನವಿಡೀ ಹಲ್ಲನ್ನು ಸಾಲಿಗೆ ತರುವವಳು ತನ್ನದನ್ನು ಹಾಗೇ ಬಿಟ್ಟಿದ್ದಳು. ಆ ಓರೆ ಹಲ್ಲು ಕಂಡಾಗಲೆಲ್ಲ ಅವನ ಕೈ ತಾನಾಗಿ ಹಗುರವಾಗುತ್ತಿತ್ತು.

ಒಂದು ದಿನ ಅವನು ಉಜ್ಜಿದ ತುಂಡನ್ನು ಹೆಬ್ಬೆರಳಲ್ಲಿ ಸವರಿ, "ನಯ ಆಯ್ತು," ಎಂದ.

"ಬೆರಳು ಸುಳ್ಳು ಹೇಳುತ್ತೆ. ನಿಮ್ಮ ಬೆರಳಲ್ಲಿರೋದು ಚರ್ಮ ಅಲ್ಲ, ಚಪ್ಪಲಿ." ಅವಳು ತುಂಡನ್ನು ಕಸಿದುಕೊಂಡಳು. "ಕೆಲಸ ಕಲಿಸಿದ ನಮ್ಮ ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ರು."

ಕಣ್ಣು ಮುಚ್ಚಿ, ಆ ಹಸಿರು ತುಂಡನ್ನು ಕೆಳತುಟಿಗೆ ತಾಗಿಸಿ, ನಿಧಾನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದಳು.

ಲೇತ್ ತಿರುಗುತ್ತಿತ್ತು. ಅಕ್ಕನ ಮೆಷಿನ್ ಓಡುತ್ತಿತ್ತು. ಅವನೊಳಗೆ ಮಾತ್ರ ಎಲ್ಲ ನಿಂತುಹೋಯಿತು.

"ಇಲ್ಲಿ ಒಂದು ಗೀರು ಇದೆ," ಎಂದು ಅವಳು ಕಣ್ಣು ತೆರೆದಳು. "ಏನಾಯ್ತು? ಯಾಕೆ ಹಾಗೆ ನೋಡ್ತಿದೀರಿ?"

"ಗೀರು... ಎಲ್ಲಿ?"

"ನೀವೇ ಹುಡುಕಿ." ತುಂಡನ್ನು ಅವನ ಅಂಗೈಗೆ ಹಾಕಿದಳು. ಅದು ಇನ್ನೂ ಬೆಚ್ಚಗಿತ್ತು. ಪ್ಲಾಸ್ಟಿಕ್ಕಿಗೆ ಬಿಸಿ ಆಗಿಬರುವುದಿಲ್ಲ ಎಂದು ಕಲಿಸಿದವಳೇ ಅವಳು. ಮನುಷ್ಯರಿಗೆ ಆಗಿಬರುತ್ತದೋ ಇಲ್ಲವೋ ಹೇಳಿಕೊಟ್ಟಿರಲಿಲ್ಲ.

ಆ ತುಂಡೂ ಉಳಿಯಲಿಲ್ಲ. ಗೀರು ತೆಗೆಯುವ ಆತುರದಲ್ಲಿ ಅವನೇ ಜೋರಾಗಿ ಒತ್ತಿದ. ಟಿಕ್. ಈ ಸಲ ಬೈಗುಳವೂ ಬರಲಿಲ್ಲ. ಉಳಿದದ್ದು ಒಂದೇ ಹಸಿರು ತುಂಡು.

ಡಾಕ್ಟರು ವಿಚಾರಿಸಿಕೊಂಡು ಹೋಗಲು ಬಂದದ್ದು ಅದರ ಮರುದಿನ ಬೆಳಿಗ್ಗೆ. ನರೆತ ಕೂದಲು, ಇಸ್ತ್ರಿ ಮುರಿಯದ ಶರ್ಟು, ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವ ಸಮಾಧಾನದ ಮನುಷ್ಯ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಡೆದ ಚೂರುಗಳನ್ನು ನೋಡಿ ಅವರು ಸಿಟ್ಟಾಗಲಿಲ್ಲ. ಅದೇ ಕಷ್ಟ. ಸಿಟ್ಟಾಗಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

"ತಡ ಆದ್ರೂ ಪರವಾಗಿಲ್ಲ, ಚೆನ್ನಾಗಿರಲಿ," ಎಂದರು. ಆಮೇಲೆ ಸ್ವಲ್ಪ ನಾಚಿಕೊಂಡು ದನಿ ತಗ್ಗಿಸಿದರು. "ಮುಚ್ಚಿಡೋದೇನು, ನಿಮಗೆ ಹೇಳ್ತೀನಿ. ಮೇಲೆ ಹಲ್ಲಿನ ಲ್ಯಾಬ್ ಇಟ್ಟಿದಾರಲ್ಲ, ನಮ್ಮ ಕ್ಲಿನಿಕ್ಕಿಗೆ ಸೆಟ್ ಮಾಡಿಕೊಡೋರು, ಅವರಿಗೆ ಇದು. ನಿಮಗೆ ಆರ್ಡರ್ ಕೊಡೋಕೆ ಬಂದಾಗಲೇ ಮೇಲೆ ರೂಮು ಖಾಲಿ ಇದೆ ಅಂತ ಬೋರ್ಡ್ ನೋಡಿದ್ದು. ನಾನೇ ಅವರಿಗೆ ತಿಳಿಸಿದೆ. ಪೆನ್ ಕೊಟ್ಟು, ಮದುವೆ ವಿಷಯ ಕೇಳಬೇಕು ಅಂತಿದೀನಿ. ದಯವಿಟ್ಟು ಇದು ನಮ್ಮಲ್ಲೇ ಇರಲಿ. ಪೆನ್ ಅವರಿಗೇ ಅಂತ ಮೊದಲೇ ಗೊತ್ತಾಗಬಾರದು."

"ಗೊತ್ತಾಗಲ್ಲ ಸಾರ್," ಎಂದು ಅವನು ಹೇಳಿದ. ಆ ದನಿ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ.

ಡಾಕ್ಟರು ಮೆಟ್ಟಿಲಿಳಿದ ಮೇಲೆ ಅಕ್ಕ ದಾರ ಕಡಿದು ಅವನತ್ತ ತಿರುಗಿದಳು. "ಈಗ?"

"ಈಗ ಏನು? ಪೆನ್ ಮಾಡಿಕೊಡ್ತೀನಿ."

"ಅವಳಿಗೆ ಹೇಳೋ."

"ಮಾತು ಕೊಟ್ಟಿದೀನಲ್ಲ ಅಕ್ಕ."

"ಪೆನ್ ಯಾರಿಗೆ ಅಂತ ಹೇಳಲ್ಲ ಅಂತ ಮಾತು ಕೊಟ್ಟೆ. ನಿನ್ನ ಮನಸ್ಸಲ್ಲಿ ಏನಿದೆ ಅಂತ ಹೇಳಲ್ಲ ಅಂತ ಯಾರಿಗೋ ಮಾತು ಕೊಟ್ಟಿದ್ದು?"

ಅವನು ಲೇತ್ ಚಾಲೂ ಮಾಡಿದ. ಸದ್ದಿನಲ್ಲಿ ಕೇಳಿಸದಂತೆ ನಟಿಸುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸವಾಗಿದ್ದ ವಿದ್ಯೆ.

ಕೊನೆಯ ತುಂಡನ್ನು ಅವನು ಕಡೆದ ರೀತಿ ನೋಡಬೇಕಿತ್ತು. ಉಳಿಯನ್ನು ಮತ್ತೆಮತ್ತೆ ಮಸೆದ. ಪ್ಲಾಸ್ಟಿಕ್ಕಿನ ಎಳೆ ಕೂದಲಿನಂತೆ ಉದ್ದಕ್ಕೆ ಸುರುಳಿ ಸುತ್ತಿ ಬಿತ್ತು. ಚಕ್ಕೆ ಏಳಲಿಲ್ಲ, ಬಿರುಕು ಬಿಡಲಿಲ್ಲ. ಒಡೆಯಬಾರದು ಎಂದಾಗಲೆಲ್ಲ ಒಡೆಯುತ್ತಿದ್ದ ಹಾಳು ಪ್ಲಾಸ್ಟಿಕ್ಕು, ಒಡೆದರೆ ಒಡೆಯಲಿ ಎಂದುಕೊಂಡ ದಿನ ಮಗುವಿನ ಹಾಗೆ ಮಾತು ಕೇಳಿತು. ಅದರ ಮೇಲೂ ಅವನಿಗೆ ಸಿಟ್ಟು ಬಂತು.

ಮಧ್ಯಾಹ್ನ ಅವಳು ಬಂದಳು. ಕೊನೆಯ ಪಾಲಿಶ್ ತನ್ನ ಎದುರಿಗೇ ಆಗಬೇಕು ಎಂದು ಮೊದಲೇ ಹೇಳಿಟ್ಟಿದ್ದಳು. ಎಮರಿ ಪೇಪರಿನ ಕೆಲಸವನ್ನು ಅರ್ಧ ಅವಳೇ ಮಾಡಿದಳು. ಪ್ರತಿ ಪೇಪರ್ ಬದಲಾಗುವಾಗ ಲೇತ್ ನಿಲ್ಲಿಸಿ, ತುಂಡಿನ ಉದ್ದಕ್ಕೂ ಕೈಯಲ್ಲಿ ಉಜ್ಜಿ, ಸುತ್ತು ಗೀರುಗಳನ್ನು ಅಳಿಸಿ, ನೀರಲ್ಲಿ ತೊಳೆದಳು. ಅವಳ ಉಗುರ ಸಂದಿಯಲ್ಲಿ ಹಸಿರು ಕೆಸರು ತುಂಬಿತು.

"ಇವತ್ತು ನಿಮ್ಮ ಬಾಯಿಗೇನು ಬೀಗ ಹಾಕಿದೆಯಾ?"

"ಏನಿಲ್ಲ."

"ಏನಿಲ್ಲ ಅನ್ನೋರ ಹತ್ರಾನೇ ಎಲ್ಲ ಇರುತ್ತೆ." ಅವಳು ಬಗ್ಗಿ ಅವನ ಮುಖ ನೋಡಲು ಯತ್ನಿಸಿದಳು. ಅವನು ಚಕ್ರಕ್ಕೆ ನೀರು ಹಾಕುವ ನೆಪದಲ್ಲಿ ತಿರುಗಿದ. "ಹೋಗಲಿ, ಇದು ಯಾರಿಗೆ ಅಂತಾದ್ರೂ ಹೇಳಿ. ಇಷ್ಟು ದಿನ ಕೇಳಲೇ ಇಲ್ಲ ನೋಡಿ."

"ಒಬ್ಬರು... ಒಬ್ಬರಿಗೆ ಕೊಡೋದಕ್ಕೆ."

"ಹೆಂಗಸಿಗಾ?"

"ಹೂಂ."

"ತಗೊಳ್ಳೋಳು ಪುಣ್ಯವಂತೆ ಬಿಡಿ," ಎಂದಳು ಅವಳು. "ನನಗೆ ಯಾರಾದ್ರೂ ಇಂಥದ್ದು ಕೊಟ್ಟಿದ್ರೆ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದೆ."

ಅವನ ಕೈಯಲ್ಲಿ ತುಂಡು, ಮುಂದೆ ತಿರುಗುವ ಚಕ್ರ. ಒಂದು ಸಲ, ಒಂದೇ ಸಲ ಬಲವಾಗಿ ಒತ್ತಿದರೆ ಸಾಕು. ಟಿಕ್. ಈ ಬಣ್ಣ ಇನ್ನು ಸಿಗುವುದಿಲ್ಲ. ಯಾರೂ ಅನುಮಾನಿಸುವುದಿಲ್ಲ, ಒಡೆಯುವುದೇ ಅದರ ಗುಣ. ಅವನ ಹೆಬ್ಬೆರಳು ಬಿಗಿಯಾಯಿತು. ಚಕ್ರದ ಸದ್ದು ಒಂದು ಮಾತ್ರೆ ತಗ್ಗಿತು.

"ಹಗುರ," ಎಂದಳು ಅವಳು ಪಕ್ಕದಿಂದ, ಮೆಲ್ಲಗೆ. ಅವನ ಮಣಿಕಟ್ಟಿನ ಮೇಲೆ ಎರಡು ಒದ್ದೆ ಬೆರಳು ಇಟ್ಟಳು.

ಅವನು ಕೈ ಸಡಿಲಿಸಿದ. ಡಾಕ್ಟರ ಮುಖ ನೆನಪಾಗಿ ಅಲ್ಲ, ಮಾತು ಕೊಟ್ಟದ್ದಕ್ಕೂ ಅಲ್ಲ. ಮಧ್ಯಾಹ್ನದಿಂದ ಅವಳು ಉಜ್ಜಿದ್ದು ಅದರ ಮೇಲಿತ್ತು. ಒಡೆಯಲು ಕೈ ಬರಲಿಲ್ಲ.

ತೊಳೆದು ಒರೆಸಿದಾಗ ಆ ಹಸಿರು ಆಳದ ನೀರಿನ ಹಾಗೆ ಹೊಳೆಯಿತು. ಒಳಗಿನ ಬಿಳಿ ಎಳೆಗಳು ಈಗಷ್ಟೇ ಅಲುಗಿ ನಿಂತಂತೆ ಕಂಡವು. ಅವಳು ಅದನ್ನು ತುಟಿಗೆ ತಾಗಿಸಿದಳು, ಎಳೆದಳು, ಕಣ್ಣು ತೆರೆದಳು.

"ಒಂದೂ ಇಲ್ಲ," ಎಂದಳು ಪಿಸುಮಾತಿನಲ್ಲಿ. "ಒಂದು ಗೀರೂ ಇಲ್ಲ!" ಚಿಕ್ಕ ಹುಡುಗಿಯ ಹಾಗೆ ಕುಣಿದು ಅಕ್ಕನಿಗೆ ತೋರಿಸಲು ಓಡಿದಳು. ಅಕ್ಕ ಪೆನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದಳು.

ಡಾಕ್ಟರು ಬಂದು ಪೆನ್ ತೆಗೆದುಕೊಂಡು ಹೋದರು. ತುಂಬಾ ಹೊಗಳಿದರು. ಅವನು ತಲೆಯಾಡಿಸಿದ.

ಆಮೇಲಿನ ದಿನಗಳನ್ನು ಅವನು ಹಲ್ಲು ಕಚ್ಚಿ ಕಳೆದ. ಮರದ ಪೆನ್ ಕಡೆಯಲು ಕೂತರೆ ಅಳತೆ ತಪ್ಪುತ್ತಿತ್ತು. ಮೇಲಿನಿಂದ ಕುರ್ಚಿ ಎಳೆದ ಸದ್ದು ಕೇಳಿದರೆ ಕೈ ನಿಲ್ಲುತ್ತಿತ್ತು, ಕೇಳದಿದ್ದರೂ ನಿಲ್ಲುತ್ತಿತ್ತು. ಅವಳು ಮಧ್ಯಾಹ್ನ ಇಳಿದು ಬಂದು ಬಾಗಿಲು ತಟ್ಟಿದಾಗ, ಕೆಲಸ ತುಂಬಾ ಇದೆ ಎಂದು ಒಳಗಿನಿಂದಲೇ ಹೇಳಿ ಕಳಿಸಿದ. ಎರಡನೆಯ ಸಲ ಅವಳು ತಟ್ಟಲಿಲ್ಲ. ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು, ಹಿಂದಿರುಗಿದಳು. ಅವಳ ಹೆಜ್ಜೆಯ ಸದ್ದು ಮೆಟ್ಟಿಲೇರಿ ಮುಗಿಯುವವರೆಗೂ ಅವನು ಕೇಳಿದ.

"ಮನೆಯಲ್ಲಿ ಮೂದೇವಿ ಕೂತ ಹಾಗೆ ಕೂತಿದೀಯಲ್ಲೋ," ಎಂದು ಅಕ್ಕ ರೇಗಿದಳು. "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ನಿನಗೆ ಎರಡೂ ಇದೆ. ಬಾಯಿ ತೆರೆಯೋಕೆ ಏನು ರೋಗ?"

"ಡಾಕ್ಟರು ಒಳ್ಳೆಯವರು ಅಕ್ಕ. ಅವಳಿಗೆ ಎಲ್ಲ ರೀತಿಯಲ್ಲೂ ಸರಿ."

"ಅದನ್ನ ಹೇಳೋಕೆ ನೀನ್ಯಾರು? ಅವಳನ್ನ ಕೇಳಿದೀಯಾ?"

ಅಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯುವಷ್ಟು ಜೋರಾಗಿ ತೆರೆಯಿತು.

ಅವಳು ಹೊರಗಿನಿಂದ ಬಂದಿದ್ದಳು. ಬಿಳಿ ಕೋಟಿರಲಿಲ್ಲ. ಹೆಗಲಲ್ಲಿ ಚೀಲ, ಕೆದರಿದ ಕೂದಲು, ಓಡುತ್ತಾ ಮೆಟ್ಟಿಲೇರಿ ಬಂದ ಉಸಿರು.

"ನಿಮಗೆ ಗೊತ್ತಿತ್ತಾ?"

"ಯಾವುದು?" ಎಂದ ಅವನು.

"ಯಾವುದು ಅಂತೆ!" ಅವಳು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಕ್ಲಿನಿಕ್ಕಿಗೆ ಕರೆಸಿ, ಕೂರಿಸಿ, ಡಾಕ್ಟರು ಪೆಟ್ಟಿಗೆ ತೆರೆದ್ರು. ನೋಡಿದ್ರೆ ಅದರೊಳಗೆ ನಾನು ಉಜ್ಜಿದ ಪೆನ್ನು! ನನ್ನ ಕೈಯಲ್ಲೇ ಪಾಲಿಶ್ ಮಾಡಿಸಿ, ನನ್ನ ತುಟಿಯಲ್ಲೇ ಪರೀಕ್ಷೆ ಮಾಡಿಸಿ, ನನಗೇ ಕಳಿಸಿದೀರಿ! ತಗೊಳ್ಳೋಳು ಪುಣ್ಯವಂತೆ ಅಂತ ನನ್ನ ಬಾಯಲ್ಲೇ ಹೇಳಿಸಿದ್ರಿ! ಆಗಲೂ ನಿಮಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು."

"ಮತ್ತೆ ಬಾಯಿ ಬಿಡಲಿಲ್ಲ?"

"ಹೇಳಲ್ಲ ಅಂತ ಡಾಕ್ಟರಿಗೆ..."

"ಡಾಕ್ಟರು, ಡಾಕ್ಟರು! ಆ ಮನುಷ್ಯ ಪಾಪ, ಎದುರಿಗೆ ಕೂತು ನೇರವಾಗಿ ಕೇಳಿದ್ರು. ಅವರು ಮದುವೆ ಮಾತಾಡ್ತಿದ್ರೆ ನನ್ನ ತಲೆಯಲ್ಲಿ ಒಂದೇ ಸುತ್ತುತ್ತಿತ್ತು. ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಪಾಲಿಶ್ ಮಾಡಿದ. ಅಷ್ಟು ಚೆನ್ನಾಗಿ ಮಾಡಿದ! ಹಾಗಾದ್ರೆ ನಾನು ಇವನಿಗೆ ಏನೂ ಅಲ್ಲ."

ಸಿಟ್ಟಿನಲ್ಲಿ ಅವಳು ಬಹುವಚನ ಬಿಟ್ಟದ್ದು ಅವಳಿಗೇ ತಿಳಿದಿರಲಿಲ್ಲ.

ಅವನು ಕೇಳಿದ: "ನೀವು ಏನು ಹೇಳಿದ್ರಿ ಅವರಿಗೆ?"

"ಆಗಲ್ಲ ಅಂದೆ. ಕ್ಷಮಿಸಿ ಅಂದೆ. ಅವರು ಬೇಜಾರು ಮಾಡ್ಕೊಂಡ್ರು, ಆದ್ರೂ ಬಾಗಿಲ ತನಕ ಬಂದು ಕಳಿಸಿದ್ರು. ಪೆನ್ ವಾಪಸ್ ಕೊಟ್ಟೆ." ಅವಳು ಮೇಜಿನ ಮೇಲಿನ ಚೀಲವನ್ನು ಎದೆಗೆ ಎಳೆದುಕೊಂಡಳು. "ಅದನ್ನ ಕೊಡೋವಾಗ ಮಾತ್ರ ಹೊಟ್ಟೆ ಉರೀತು."

"ಯಾಕೆ ಆಗಲ್ಲ ಅಂದ್ರಿ?"

"ಯಾಕೆ ಅಂತ ಕೇಳ್ತೀಯಾ? ನೀನು ಕೇಳ್ತೀಯಾ ನನ್ನ?"

ಹೊಲಿಗೆ ಮೆಷಿನ್ ನಿಂತಿತು. ಅಕ್ಕ ಎದ್ದಳು. "ದಾರ ಮುಗಿದಿದೆ," ಎಂದು ತುಂಬಿದ ದಾರದ ಉಂಡೆಯನ್ನು ಸೆರಗಿನಲ್ಲಿ ಮರೆಸಿಕೊಂಡು ಹೊರಗೆ ಹೋಗಿ, ಬಾಗಿಲನ್ನು ಎಳೆದುಕೊಂಡಳು.

ಅವನು ಲೇತ್ ನಿಲ್ಲಿಸಿದ. ಅಡಗಿಕೊಳ್ಳಲು ಇನ್ನು ಯಾವ ಸದ್ದೂ ಉಳಿಯಲಿಲ್ಲ.

"ನನಗೆ ಚೆನ್ನಾಗಿ ಮಾತಾಡೋಕೆ ಬರಲ್ಲ," ಎಂದು ಶುರುಮಾಡಿದ. "ಅವತ್ತು ಒಂದು ಸಲ ಜೋರಾಗಿ ಒತ್ತಿದ್ರೆ ಒಡೆದುಹೋಗ್ತಿತ್ತು. ಒತ್ತೋಕೂ ಹೊರಟಿದ್ದೆ. ನೀವು ಉಜ್ಜಿದ್ದು ಅಂತ..."

"ಪೆನ್ನಿನ ಮಾತು ಸಾಕು."

"ಅಲ್ಲ, ಆ ಪಾಲಿಶ್..."

"ಪಾಲಿಶ್ ಮಾತೂ ಸಾಕು! ನನ್ನ ವಿಷಯ ಹೇಳು. ಒಂದೇ ಒಂದು ಮಾತು, ನನ್ನ ವಿಷಯ."

ಅವನು ಅವಳನ್ನು ನೋಡಿದ. ಕನ್ನಡಕದ ಹಿಂದೆ ಕಣ್ಣು ಕೆಂಪಾಗಿತ್ತು. ಸಿಟ್ಟಿಗೆ ಬಿಗಿದ ತುಟಿಗಳ ನಡುವೆ ಓರೆ ಹಲ್ಲು ಚೂರೇ ಕಾಣುತ್ತಿತ್ತು. ಹೇಳಬೇಕಾದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಇಷ್ಟೇ.

"ನೀನು ಅವರಿಗೆ ಹೂಂ ಅಂದುಬಿಟ್ರೆ ಏನು ಮಾಡೋದು ಅಂತ ಇಷ್ಟು ದಿನ ಊಟ ಸೇರಿಲ್ಲ ನನಗೆ. ನೀನು ಬೇಕು. ಅಷ್ಟೇ."

ಅವಳು ಮೂಗು ಒರೆಸಿಕೊಂಡಳು. ಕನ್ನಡಕ ತೆಗೆದು, ಬಟ್ಟೆ ಸಿಗದೆ, ಅವನ ಏಪ್ರನ್ನಿನ ತುದಿಯನ್ನೇ ಹಿಡಿದು ಒರೆಸಿದಳು. ಗಾಜಿನ ಮೇಲೆ ಮರದ ಪುಡಿ ಮೆತ್ತಿ ಇನ್ನಷ್ಟು ಮಸುಕಾಯಿತು.

"ಇದನ್ನೇ ಮೊದಲು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಾನು ಇವತ್ತು ಆ ಒಳ್ಳೆ ಮನುಷ್ಯನ ಮನಸ್ಸು ನೋಯಿಸಬೇಕಾಗಿರಲಿಲ್ಲ. ಬಸ್ಸಲ್ಲಿ ಎಲ್ಲರೆದುರಿಗೆ ಅತ್ತುಕೊಂಡು ಬರಬೇಕಾಗಿರಲಿಲ್ಲ. ಟಿಕೆಟ್ ಕೊಡೋನು ಇಳೀಬೇಕಾದ ಜಾಗ ತಪ್ಪಿತಾ ಅಂತ ಕೇಳಿದ."

"ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಮುಗೀತಾ?"

"ಇಲ್ಲ."

"ಮುಗಿಯಲ್ಲ. ನನಗೆ ಇನ್ನೂ ಬೇಕಾದಷ್ಟು ಸಿಟ್ಟಿದೆ."

"ಇರಲಿ," ಎಂದು ಅವನು ಕೈ ಚಾಚಿದ. ಉಳಿ ಹಿಡಿದು ದಡ್ಡುಗಟ್ಟಿದ ಒರಟು ಕೈ.

ಅವಳು ಅದನ್ನು ಸ್ವಲ್ಪ ಹೊತ್ತು ಸಿಟ್ಟಿನಿಂದಲೇ ನೋಡಿದಳು. ಆಮೇಲೆ ತನ್ನ ಕೈಯನ್ನು ಅದರೊಳಗಿಟ್ಟಳು.

"ನಾಳೆಯೂ ಇರುತ್ತೆ ಸಿಟ್ಟು," ಎಂದಳು.

"ನಾಳೆ ಬರ್ತೀಯಲ್ಲ?"

"ಬೈಯೋಕಾದ್ರೂ ಬರಬೇಕಲ್ಲ," ಎಂದಳು ಅವಳು, ಕೈ ಬಿಡದೆ.